ಹೆಂಗಳೆಯರ ಬೇನೆಯೂ ವೈದ್ಯಶಾಸ್ತ್ರದ ಶೋಧವೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ವಾರ್ಷಿಕೋತ್ಸವದ ಈ ಮಂಗಲ ಪ್ರಸಂಗದಲ್ಲಿ ಕನ್ನಡ ಕಲಿಸುವ ನಮ್ಮಂಥವರಿಂದ ಪಂಪ ರನ್ನರ ಕಾವ್ಯವನ್ನು ಕುರಿತೋ ಶರಣರ ವಚನಗಳನ್ನು ಕುರಿತೋ ನಾಲ್ಕು ಮಾತು ಕೇಳಬೇಕೆಂದು ತಾವೆಲ್ಲ ಬಂದಿರುವಿರಿ. ನಾವು ಆಯ್ದುಕೊಂಡ ವಿಷಯವು ಅದಲ್ಲ. ಸ್ತ್ರೀಯರ ಗರ್ಭಕೋಶಕ್ಕೆ ಸಂಬಂಧಿಸಿದ ಬೇನೆಗಳು, ಸಂತಾನದ ತೊಡಕುಗಳು, ಅವುಗಳನ್ನು ಕುರಿತು ವೈದ್ಯಶಾಸ್ತ್ರವು ನಡೆಸಿರುವ ಶೋಧಗಳು, ಇವು ಇಂದಿನ ಮಾತಿನ ವಸ್ತು. ತುಂಬಿದ ಸಭೆಯಲ್ಲಿ, ಗಂಡಸರೂ ಹೆಂಗಸರೂ ಕೂಡಿ ಕುಳಿತಿರುವಾಗ, ಇದನ್ನು ಎತ್ತುವುದು ಉಚಿತವೆ ಎಂದು ಕೆಲವರಿಗೆ ಅನ್ನಿಸೀತು. ಉಚಿತವೆಂದೇ ನಮ್ಮ ಭಾವನೆ. ಏಕೆಂದರೆ ಈ ವಿಷಯವನ್ನು ಸಭೆಯಿಂದ ದೂರವಿಟ್ಟುದರ ಫಲವನ್ನು ನಮ್ಮ ಮನೆಗಳ ಹೆಣ್ಣುಮಕ್ಕಳು ಇಂದಿಗೂ ಉಣ್ಣುತ್ತಿದ್ದಾರೆ.

ನಾವು ವೈದ್ಯರಲ್ಲ, ಔಷಧ ಹೇಳುವ ಅಧಿಕಾರ ನಮಗಿಲ್ಲ. ಆದರೆ ಶಬ್ದಗಳ ವಿಚಾರ ನಮ್ಮ ವೃತ್ತಿಗೆ ಸೇರಿದುದು. ಆದುದರಿಂದ ಒಂದು ಶಬ್ದದಿಂದಲೇ ಪ್ರಾರಂಭಿಸೋಣ. ನಮ್ಮ ಸೀಮೆಯಲ್ಲಿ ನೋವಿಗೆ ‘ಬೇನೆ’ ಎನ್ನುತ್ತೇವೆ; ಮನೆಮಾತಿನಲ್ಲಿ ಅದೇ ‘ಬ್ಯಾನಿ’. ಬೇನೆಯು ‘ವೇದನೆ’ಯ ತದ್ಭವ. ವೇದನೆಯ ಮೂಲಧಾತು ‘ವಿದ್’. ತಿಳಿ ಎಂದು ಅದರ ಅರ್ಥ. ವೇದ, ವಿದ್ಯೆ, ವಿದ್ವಾಂಸ ಎಂಬ ಶಬ್ದಗಳೆಲ್ಲ ಆ ಧಾತುವಿನ ಸಂತಾನವೇ. ನೋಡಿರಿ, ನೋವಿಗೆ ಹೆಸರಿಟ್ಟ ಹಿರಿಯರು ಅದನ್ನು ಅರಿವಿನ ಕುಲಕ್ಕೇ ಸೇರಿಸಿದ್ದಾರೆ. ಶರೀರದಲ್ಲಿ ಏನೋ ನಡೆದಿದೆ ಎಂದು ತಿಳಿಯಪಡಿಸುವುದೇ ಬೇನೆ. ತಿಳಿಸಬಂದುದನ್ನು ಕೇಳಿಸಿಕೊಳ್ಳದಿದ್ದರೆ ಅರಿವು ಹುಟ್ಟುವುದೆಂತು? ನಮ್ಮ ಇಂದಿನ ಮಾತಿನ ತಿರುಳು ಇಷ್ಟೇ: ನುಡಿಯಾಗದ ನೋವು ಶಾಸ್ತ್ರದ ಕಣ್ಣಿಗೆ ಬೀಳದು, ಶಾಸ್ತ್ರದ ಕಣ್ಣಿಗೆ ಬೀಳದ ನೋವಿಗೆ ಮದ್ದು ದೊರೆಯದು.

ಇದಕ್ಕೆ ನಿದರ್ಶನವಾಗಿ ಒಂದು ವ್ಯಾಧಿಯನ್ನು ನೋಡೋಣ. ವೈದ್ಯರು ಅದನ್ನು ಎಂಡೊಮೆಟ್ರಿಯೋಸಿಸ್ ಎಂದು ಕರೆಯುತ್ತಾರೆ. ಹೆಸರು ಗಡುಚು; ಸಂಗತಿ ಸರಳ. ಗರ್ಭಕೋಶದ ಒಳಮೈಗೆ ಒಂದು ಮೃದುವಾದ ಪದರವಿದೆ. ಪ್ರತಿ ತಿಂಗಳೂ ಅದು ಶಿಶುವಿಗೆ ಹಾಸಿಗೆಯೆಂಬಂತೆ ದಪ್ಪನಾಗಿ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಕಳಚಿ ರಕ್ತದೊಡನೆ ಹೊರಬೀಳುತ್ತದೆ. ಅದೇ ಮುಟ್ಟು. ಕೆಲವು ಹೆಣ್ಣುಮಕ್ಕಳಲ್ಲಿ ಈ ಪದರವನ್ನು ಹೋಲುವ ಅಂಶವು ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಗರ್ಭನಾಳಗಳ ಬಳಿ, ಕರುಳಿನ ಮೇಲೆ, ಬೇರೂರಿ ಬೆಳೆಯುತ್ತದೆ. ತಿಂಗಳು ತಿಂಗಳು ಅದೂ ಒಸರುತ್ತದೆ. ಆದರೆ ಅದಕ್ಕೆ ಹೊರಬರಲು ದಾರಿಯಿಲ್ಲ. ಒಳಗೇ ನಿಂತು ಉರಿಯೂತವನ್ನು ಉಂಟುಮಾಡುತ್ತದೆ, ಕಲೆಗಟ್ಟುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಂಡಾಶಯದಲ್ಲಿ ಹಳೆಯ ರಕ್ತ ತುಂಬಿದ ಗಂಟುಗಳು ಹುಟ್ಟುತ್ತವೆ. ಹೊರಗಿನಿಂದ ನೋಡಿದವರಿಗೆ ಏನೂ ಕಾಣದು. ಜ್ವರವಿಲ್ಲ, ಗಾಯವಿಲ್ಲ. ಹುಡುಗಿ ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಮಲಗುತ್ತಾಳೆ, ಅಷ್ಟೆ.

ಇದೇನು ಅಪರೂಪದ ರೋಗವೆ? ಅಲ್ಲ. ಸಂತಾನಯೋಗ್ಯ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೧೦ ಮಂದಿಗೆ, ಜಗತ್ತಿನಲ್ಲಿ ಒಟ್ಟು ಸುಮಾರು ೧೯ ಕೋಟಿ ಮಂದಿಗೆ, ಈ ಬೇನೆಯಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಬೇನೆ ತೋರಿದಂದಿನಿಂದ ಅದರ ಹೆಸರು ತಿಳಿಯುವವರೆಗೆ ೪ರಿಂದ ೧೨ ವರ್ಷಗಳು ಕಳೆಯುತ್ತವೆಂದು ಅದೇ ಸಂಸ್ಥೆಯ ಹೇಳಿಕೆ. ಏಳನೆಯ ಎಂಟನೆಯ ತರಗತಿಯಲ್ಲಿ ನೋವು ತೊಡಗಿದ ಬಾಲಿಕೆಗೆ ಅದರ ಹೆಸರು ತಿಳಿಯುವ ಹೊತ್ತಿಗೆ ವಿದ್ಯಾಭ್ಯಾಸ ಮುಗಿದು, ಮದುವೆಯಾಗಿ, ‘ಇನ್ನೂ ಮಕ್ಕಳಾಗಲಿಲ್ಲವೆ?’ ಎಂಬ ಪ್ರಶ್ನೆಯೂ ಎದುರಾಗಿರುತ್ತದೆಂದು ಇದರ ಅರ್ಥ.

ಇಷ್ಟು ವಿಲಂಬವೇಕೆ? ಶಾಸ್ತ್ರದ ದೋಷವೂ ಉಂಟು, ಮನೆಯ ದೋಷವೂ ಉಂಟು. ‘ಹೆಣ್ಣಿಗೆ ಇದು ಸಹಜ, ತಡೆದುಕೊ’ ಎಂದು ತಾಯಿ ಹೇಳುತ್ತಾಳೆ. ಅವಳಿಗೆ ಅವಳ ತಾಯಿ ಹಾಗೆ ಹೇಳಿದ್ದಳು. ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಅತ್ತೆಮ್ಮಂದಿರೂ ಚಿಕ್ಕಮ್ಮಂದಿರೂ ಹೇಳುತ್ತಾರೆ. ಮದುವೆಯಾಗಲಿ ಬಸಿರಾಗಲಿ ಈ ಬೇನೆಗೆ ಚಿಕಿತ್ಸೆಯಲ್ಲವೆಂದು ಇಂದಿನ ತಜ್ಞರ ಸ್ಪಷ್ಟ ಅಭಿಪ್ರಾಯ. ಇನ್ನು ಮುಟ್ಟೆಂದರೆ ಮೈಲಿಗೆ, ಅದರ ಮಾತೂ ಮೈಲಿಗೆ ಎಂಬ ಭಾವನೆ ಬೇರೆ. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಪಂಚಸೂತಕಗಳನ್ನು ಅಲ್ಲಗಳೆದರು; ಅವುಗಳಲ್ಲಿ ರಜಸ್ಸೂತಕವೂ ಒಂದು. ವಚನಗಳನ್ನು ಪೂಜಿಸುವ ನಮ್ಮ ಎಷ್ಟು ಮನೆಗಳಲ್ಲಿ ಆ ಸೂತಕ ಹೋಗಿದೆ ಎಂಬುದನ್ನು ತಾವೇ ವಿಚಾರಿಸಬೇಕು.

ಶಾಸ್ತ್ರದ ನಡೆಯೂ ನಿಧಾನವಾದುದೇ. ೧೯೨೭ರಲ್ಲಿ ಅಮೇರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯನು, ಮುಟ್ಟಿನ ರಕ್ತದ ಒಂದಂಶವು ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹರಿದು ಹೊಟ್ಟೆಯೊಳಗೆ ಬಿದ್ದು ಅಲ್ಲಿ ಬೇರೂರುತ್ತದೆ ಎಂಬ ವಾದವನ್ನು ಮುಂದಿಟ್ಟನು. ಇಂದಿಗೂ ಆ ವಾದಕ್ಕೆ ಮನ್ನಣೆಯಿದೆ. ಆದರೆ ಹಿಮ್ಮುಖ ಹರಿವು ಬಹುಮಂದಿ ಸ್ತ್ರೀಯರಲ್ಲಿ ಉಂಟು; ರೋಗ ಮಾತ್ರ ಕೆಲವರಿಗೆ. ಬೀಜ ಎಲ್ಲ ಹೊಲಗಳಲ್ಲೂ ಬಿದ್ದು ಕೆಲವು ಹೊಲಗಳಲ್ಲಿ ಮಾತ್ರ ಮೊಳೆತರೆ ಮಣ್ಣನ್ನು ಪರೀಕ್ಷಿಸಬೇಕಲ್ಲವೆ? ಹಾಗೆ ಶರೀರದ ರಕ್ಷಣಾಶಕ್ತಿ, ಹಾರ್ಮೋನುಗಳು, ವಂಶವಾಹಿಗಳು ಇವುಗಳ ಕಡೆಗೆ ಶೋಧವು ತಿರುಗಿತು. ೨೦೨೩ರಲ್ಲಿ ಪ್ರಕಟವಾದ ಒಂದು ಮಹಾ ಅಧ್ಯಯನದಲ್ಲಿ ಈ ಬೇನೆಯಿದ್ದ ೬೦,೦೦೦ಕ್ಕೂ ಮಿಕ್ಕ ಸ್ತ್ರೀಯರನ್ನು, ಇಲ್ಲದ ೭ ಲಕ್ಷ ಮಂದಿಯೊಡನೆ ಹೋಲಿಸಿ, ರೋಗಕ್ಕೆ ಸಂಬಂಧಿಸಿದ ೪೨ ತಾಣಗಳನ್ನು ವಂಶವಾಹಿಗಳಲ್ಲಿ ಗುರುತಿಸಿದರು. ಆದರೆ ಅವರು ಯುರೋಪಿನ ಮತ್ತು ಪೂರ್ವ ಏಷ್ಯದ ಮೂಲದವರು. ನಮ್ಮ ಹೆಣ್ಣುಮಕ್ಕಳ ಲೆಕ್ಕ ಅದರಲ್ಲಿಲ್ಲ. ಈ ಕೊರತೆಯನ್ನು ತುಂಬಲೆಂದೇ ಮುಂಬಯಿಯ ಪರಳದಲ್ಲಿರುವ ರಾಷ್ಟ್ರೀಯ ಪ್ರಜನನ ಮತ್ತು ಶಿಶು ಆರೋಗ್ಯ ಸಂಶೋಧನ ಸಂಸ್ಥೆಯು ದೇಶದ ಹಲವು ಆಸ್ಪತ್ರೆಗಳನ್ನು ಕೂಡಿಸಿಕೊಂಡು ಭಾರತೀಯ ಸ್ತ್ರೀಯರಲ್ಲಿ ಈ ಬೇನೆಯ ಅಧ್ಯಯನವನ್ನು ಕೈಗೊಂಡಿದೆ.

ಹಿಂದೆ ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನು ತೂರಿಸಿ ನೋಡಿದ ಹೊರತು ರೋಗವನ್ನು ನಿಶ್ಚಯಿಸುತ್ತಿರಲಿಲ್ಲ. ೨೦೨೨ರಲ್ಲಿ ಯುರೋಪಿನ ತಜ್ಞಮಂಡಲವು ಈ ನಿಯಮವನ್ನು ಸಡಿಲಿಸಿತು. ರೋಗಿಯ ಹೇಳಿಕೆ, ವೈದ್ಯರ ಪರೀಕ್ಷೆ, ಸೋನೋಗ್ರಫಿ ಇವುಗಳ ಆಧಾರದ ಮೇಲೆಯೇ ಚಿಕಿತ್ಸೆಯನ್ನು ತೊಡಗಬಹುದೆಂದು ಹೇಳಿತು. ‘ರೋಗಿಯ ಹೇಳಿಕೆ’ ಎಂಬ ಮಾತನ್ನು ಗಮನಿಸಬೇಕು. ಬೇನೆಯ ಮಾತಿಗೆ ಶಾಸ್ತ್ರವು ಕೊಟ್ಟ ಬೆಲೆಯಿದು. ರೋಗವನ್ನು ಬುಡಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲ. ಆದರೆ ನೋವನ್ನು ತಗ್ಗಿಸುವ ಗುಳಿಗೆಗಳಿವೆ, ಮುಟ್ಟನ್ನು ಹತೋಟಿಯಲ್ಲಿಡುವ ಹಾರ್ಮೋನು ಔಷಧಗಳಿವೆ, ಅಗತ್ಯವಾದೆಡೆ ಶಸ್ತ್ರಚಿಕಿತ್ಸೆಯಿದೆ. ತಿಂಗಳ ಹೊಟ್ಟೆನೋವೆಲ್ಲ ಇದೇ ರೋಗವೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಹುಡುಗಿಯನ್ನು ಶಾಲೆ ಬಿಡಿಸುವಷ್ಟು, ಹೆಂಗಸನ್ನು ಕೆಲಸ ಬಿಡಿಸುವಷ್ಟು ನೋವು ‘ಸಹಜ’ವಲ್ಲ. ಅದನ್ನು ವೈದ್ಯರ ಮುಂದೆ ಇಡಲೇಬೇಕು.

ಸ್ತ್ರೀಯರ ಮಾತನ್ನು ಕೇಳುವ ವೈದ್ಯರು ಬೇಕೆಂಬ ಈ ವಿಚಾರಕ್ಕೂ ನಮ್ಮ ಜಿಲ್ಲೆಗೂ ಹಳೆಯ ನಂಟಿದೆ. ಆನಂದಿಬಾಯಿ ಜೋಶಿಯವರ ಹೆಸರನ್ನು ತಾವು ಕೇಳಿರಬಹುದು. ೧೮೬೫ರಲ್ಲಿ ಹುಟ್ಟಿದ ಆ ಹೆಣ್ಣುಮಗಳು ಹದಿನಾಲ್ಕರ ವಯಸ್ಸಿನಲ್ಲಿ ತಾಯಿಯಾದರು. ಶಿಶುವು ಹತ್ತು ದಿನ ಮಾತ್ರ ಬದುಕಿತು. ತಕ್ಕ ವೈದ್ಯಕೀಯ ನೆರವು ದೊರೆಯದ ಆ ದುಃಖದಲ್ಲಿಯೇ ತಾವು ವೈದ್ಯರಾಗಬೇಕೆಂಬ ಸಂಕಲ್ಪ ಹುಟ್ಟಿತು. ೧೮೮೩ರಲ್ಲಿ ಬಂಗಾಳದ ಶ್ರೀರಾಮಪುರ ಕಾಲೇಜಿನ ಸಭೆಯಲ್ಲಿ ನಿಂತು, ಈ ದೇಶಕ್ಕೆ ಸ್ತ್ರೀವೈದ್ಯರ ಅವಶ್ಯಕತೆ ಏಕೆ ಇದೆ ಎಂಬುದನ್ನು ಬಹಿರಂಗವಾಗಿ ವಿವರಿಸಿ, ಸಮುದ್ರ ದಾಟಿ ಅಮೇರಿಕಕ್ಕೆ ಹೋದರು. ೧೮೮೬ರಲ್ಲಿ ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ ಪಡೆದರು. ಅವರ ಪ್ರಬಂಧದ ವಿಷಯವೇನು ಗೊತ್ತೆ? ಪ್ರಾಚೀನ ಆರ್ಯ ಹಿಂದೂಗಳಲ್ಲಿ ಪ್ರಸೂತಿಶಾಸ್ತ್ರ. ಸ್ವಂತ ಬೇನೆಯನ್ನು ವಿದ್ಯೆಯನ್ನಾಗಿ ಮಾಡಿಕೊಂಡ ಧೀರೆ ಆಕೆ.

ಆಗ ಅವರನ್ನು ಕರೆದು ಕೆಲಸ ಕೊಟ್ಟುದು ನಮ್ಮ ಕೊಲ್ಲಾಪುರ ಸಂಸ್ಥಾನ. ಇಂದು ಛತ್ರಪತಿ ಪ್ರಮಿಳಾರಾಜೆ ಆಸ್ಪತ್ರೆ ಎಂದು ನಾವು ಕರೆಯುವ, ‘ಸಿ.ಪಿ.ಆರ್.’ ಎಂದು ಹಳ್ಳಿ ಹಳ್ಳಿಗೂ ಗೊತ್ತಿರುವ ಆಸ್ಪತ್ರೆಗೆ ಅಂದು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆ ಎಂಬ ಹೆಸರಿತ್ತು. ಅದರ ಸ್ತ್ರೀವಿಭಾಗದ ಮುಖ್ಯಸ್ಥರಾಗಿ ಅವರು ನೇಮಕವಾದರು. ವಿಧಿಯು ಆ ಕೆಲಸವನ್ನು ಮಾಡಗೊಡಲಿಲ್ಲ. ಕ್ಷಯದಿಂದ ಜರ್ಜರಿತರಾಗಿ ಮರಳಿದ ಅವರು ೧೮೮೭ರ ಫೆಬ್ರುವರಿ ೨೬ರಂದು ಪುಣೆಯಲ್ಲಿ ತೀರಿಕೊಂಡರು. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಮುಂದೆ ಡಾ. ಕೃಷ್ಣಾಬಾಯಿ ಕೆಳವಕರರು ಶಾಹೂ ಮಹಾರಾಜರ ಪ್ರೋತ್ಸಾಹದಿಂದ ಅದೇ ಆಸ್ಪತ್ರೆಯಲ್ಲಿ ಸ್ತ್ರೀಯರ ಸೇವೆಯನ್ನು ನಡೆಸಿದರು.

ಶೋಧವೆಂದರೆ ಪರದೇಶದ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ನಡೆಯುವುದೆಂಬ ಭ್ರಮೆ ನಮ್ಮಲ್ಲಿದೆ. ನಾವು ಹೆಣ್ಣು ಕೊಟ್ಟು ತರುವ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ ಜಗತ್ತು ಗೌರವಿಸುವ ಒಂದು ಶೋಧ ನಡೆದಿದೆ. ಹೆರಿಗೆಯಾದ ಕೂಡಲೆ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅದನ್ನು ತಡೆಯುವ ಚುಚ್ಚುಮದ್ದಿದ್ದರೂ ಅದನ್ನು ತಂಪಿನಲ್ಲಿಡಬೇಕು, ಚುಚ್ಚಲು ಬಲ್ಲವರು ಬೇಕು. ಹಳ್ಳಿಯ ಮನೆಯಲ್ಲಿ ಇವೆರಡೂ ಎಲ್ಲಿಂದ ಬರಬೇಕು? ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಕೊಡಕಣಿ, ಡಾ. ಗೌಡರ ಮೊದಲಾದವರು ಅಮೇರಿಕದ ವೈದ್ಯರೊಡನೆ ಕೂಡಿ, ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯು ಈ ಕೆಲಸ ಮಾಡೀತೆ ಎಂಬುದನ್ನು ೨೦೦೨ರಿಂದ ೨೦೦೫ರವರೆಗೆ ಪರೀಕ್ಷಿಸಿದರು. ೧,೬೨೦ ಮಂದಿ ತಾಯಂದಿರು ಪಾಲ್ಗೊಂಡರು. ಅರ್ಧದಷ್ಟು ಮಂದಿಗೆ ನಿಜವಾದ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ ಔಷಧರಹಿತ ಗುಳಿಗೆ. ಯಾರಿಗೆ ಯಾವುದೆಂಬುದು ಕೊಡುವ ನರ್ಸುಬಾಯಿಗೂ ತಿಳಿಯದು. ಇದರಿಂದ ಪಕ್ಷಪಾತಕ್ಕೆ ಎಡೆಯಿಲ್ಲದಾಯಿತು. ಫಲವೇನು? ಔಷಧವಿಲ್ಲದವರಲ್ಲಿ ನೂರಕ್ಕೆ ೧೨ ಮಂದಿಗೆ ಅತಿಸ್ರಾವವಾದರೆ, ಔಷಧ ಪಡೆದವರಲ್ಲಿ ಅದು ೬.೪ಕ್ಕೆ ಇಳಿಯಿತು. ೨೦೦೬ರಲ್ಲಿ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ೨೦೧೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಆ ಪರೀಕ್ಷೆಗೆ ಒಪ್ಪಿ ನಿಂತ ಹಳ್ಳಿಯ ತಾಯಂದಿರ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಲಿಲ್ಲ. ಆದರೆ ದೂರದೇಶಗಳ ಬಾಣಂತಿಯರು ಉಳಿದಿರುವುದರಲ್ಲಿ ಅವರ ಪಾಲಿದೆ.

ಇನ್ನು ಸಂತಾನದ ವಿಷಯ. ಇಲ್ಲಿಯೂ ಒಂದು ಶಬ್ದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ‘ವಂಧ್ಯಾ’ ಎಂಬುದರ ತದ್ಭವ ‘ಬಂಜೆ’. ಹೆಣ್ಣಿಗೆ ಈ ಹೆಸರನ್ನು ಕೊಟ್ಟ ಮನೆಮಾತು ಗಂಡಿಗೆ ಸಾಟಿಯಾದ ಹೆಸರೊಂದನ್ನು ಬಳಕೆಗೆ ತರಲಿಲ್ಲ. ಆದುದರಿಂದ ಮಕ್ಕಳಾಗದಿದ್ದರೆ ದೋಷ ಯಾರದೆಂಬುದನ್ನು ಭಾಷೆಯೇ ಮೊದಲು ತೀರ್ಮಾನಿಸಿಬಿಡುತ್ತದೆ. ಶಾಸ್ತ್ರದ ತೀರ್ಮಾನ ಬೇರೆ. ಸಂತಾನದ ತೊಡಕುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ಪುರುಷನ ಪರೀಕ್ಷೆಯು ಸುಲಭ, ಅಲ್ಪವ್ಯಯದ್ದು, ನೋವಿಲ್ಲದ್ದು. ಹೀಗಿದ್ದರೂ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ, ದೇವರಿಂದ ದೇವರಿಗೆ ಅಲೆಸಿದ ಮೇಲೆ ಕಟ್ಟಕಡೆಗೆ ಗಂಡನ ಪರೀಕ್ಷೆ ಎಂಬುದು ನ್ಯಾಯವೆ? ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಈ ತೊಡಕನ್ನು ಕಾಣುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ತಿಳಿಸಿತು. ಇಷ್ಟು ಸಾಮಾನ್ಯವಾದುದನ್ನು ಶಾಪವೆಂದು ಕರೆಯುವುದು ಸಲ್ಲದು. ಮೇಲೆ ಹೇಳಿದ ಎಂಡೊಮೆಟ್ರಿಯೋಸಿಸ್ ಇರುವವರಲ್ಲಿಯೂ ಅನೇಕರು ಸಹಜವಾಗಿಯೇ ತಾಯಂದಿರಾಗುತ್ತಾರೆ.

ಸಹಜವಾಗಿ ಗರ್ಭ ನಿಲ್ಲದವರಿಗೆ, ಶರೀರದ ಹೊರಗೆ ಪಿಂಡವನ್ನು ಕೂಡಿಸಿ ಗರ್ಭಕೋಶದಲ್ಲಿ ನೆಲೆಗೊಳಿಸುವ ವಿಧಾನವು ೧೯೭೮ರಲ್ಲಿ ಸಿದ್ಧಿಸಿತು. ಆ ವರ್ಷದ ಜುಲೈ ೨೫ರಂದು ಇಂಗ್ಲೆಂಡಿನಲ್ಲಿ ಮೊದಲ ಶಿಶು ಜನಿಸಿತು. ಕೇವಲ ೭೦ ದಿನಗಳ ಅನಂತರ ಕಲಕತ್ತೆಯಲ್ಲಿ ಡಾ. ಸುಭಾಷ ಮುಖೋಪಾಧ್ಯಾಯರ ಸಾಧನೆಯಿಂದ ‘ದುರ್ಗಾ’ ಎಂಬ ಹೆಸರಿನಲ್ಲಿ ಪ್ರಸಿದ್ಧಳಾದ ಹೆಣ್ಣುಶಿಶು ಹುಟ್ಟಿತು. ಪಿಂಡವನ್ನು ಶೀತದಲ್ಲಿ ಕಾದಿರಿಸಿ ಮುಂದಿನ ಮುಟ್ಟಿನ ಚಕ್ರದಲ್ಲಿ ನೆಲೆಗೊಳಿಸಿದುದು ಅವರ ವೈಶಿಷ್ಟ್ಯ. ಪಿಂಡವನ್ನು ಹಾಗೆ ಕಾದಿರಿಸುವುದು ಇಂದು ಎಲ್ಲೆಡೆ ರೂಢಿಯಲ್ಲಿದೆ. ಆದರೆ ಅಂದು ಸರ್ಕಾರದ ಸಮಿತಿಯು ಅವರ ಮಾತನ್ನು ನಂಬಲಿಲ್ಲ. ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗಮಾಡಿದರು. ಮನನೊಂದ ಅವರು ೧೯೮೧ರ ಜೂನ್ ೧೯ರಂದು ಪ್ರಾಣವನ್ನು ಕಳೆದುಕೊಂಡರು. ೧೯೮೬ರಲ್ಲಿ ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ಇದೇ ಸಾಧನೆಯನ್ನು ಮಾಡಿ ಕೀರ್ತಿ ಪಡೆದ ವಿಜ್ಞಾನಿ ಡಾ. ಟಿ. ಸಿ. ಆನಂದಕುಮಾರರು, ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ ನೋಡಿ, ‘ಮೊದಲಿಗನು ನಾನಲ್ಲ, ಆತನು’ ಎಂಬ ಸತ್ಯವನ್ನು ೧೯೯೭ರಲ್ಲಿ ಲೋಕದ ಮುಂದಿಟ್ಟರು. ನಿವೃತ್ತಿಯ ಬಳಿಕ ಬೆಂಗಳೂರಿನಲ್ಲಿ ನೆಲೆಸಿದ್ದ ಈ ವಿಜ್ಞಾನಿಯ ಔದಾರ್ಯ ನಮ್ಮ ಮಕ್ಕಳ ಪಠ್ಯಕ್ಕೆ ಯೋಗ್ಯವಾದುದು. ಈ ವಿಧಾನವು ವ್ಯಯಸಾಧ್ಯ. ಪ್ರತಿ ಸಲವೂ ಫಲಿಸುವುದಿಲ್ಲ. ಹೊಲ ಅಡವಿಡುವ ಮೊದಲು ಎರಡನೆಯ ವೈದ್ಯರ ಅಭಿಪ್ರಾಯ ಕೇಳಬೇಕು. ೨೦೨೧ರ ಕಾಯಿದೆಯಂತೆ ಇಂಥ ಚಿಕಿತ್ಸಾಲಯಗಳಿಗೆ ನೋಂದಣಿ ಕಡ್ಡಾಯ, ಅದನ್ನೂ ವಿಚಾರಿಸಬೇಕು.

ಈಗ ಅತ್ಯಂತ ನೋವಿನ ಮಾತನ್ನು ಆಡಬೇಕಾಗಿದೆ. ಕಾರ್ಖಾನೆಗಳು ತೊಡಗುವ ಹಂಗಾಮಿನಲ್ಲಿ ಕಬ್ಬು ಕಡಿಯುವ ಕುಟುಂಬಗಳು ಬೀಡ ಮೊದಲಾದ ಜಿಲ್ಲೆಗಳಿಂದ ನಮ್ಮ ಸೀಮೆಗೆ ಬಂದು, ಹೊಲದ ಬದಿಯಲ್ಲಿ ಗುಡಿಸಲು ಹಾಕುವುದನ್ನು ನಾವು ವರ್ಷವರ್ಷವೂ ಕಾಣುತ್ತೇವೆ. ೨೦೧೯ರಲ್ಲಿ ಬೀಡ ಜಿಲ್ಲೆಯ ೮೨,೦೦೦ಕ್ಕೂ ಮಿಕ್ಕ ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿದಾಗ, ಅವರಲ್ಲಿ ೧೩,೦೦೦ಕ್ಕೂ ಹೆಚ್ಚು ಮಂದಿಯ ಗರ್ಭಕೋಶವನ್ನು ತೆಗೆದುಹಾಕಲಾಗಿತ್ತೆಂದು ತಿಳಿದುಬಂದಿತು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳದೂ ಇಂಥದೇ ಕಥೆ. ಬಿಳುಪು ಹೋಗುವುದು, ಹೊಟ್ಟೆನೋವು, ಹೆಚ್ಚು ಸ್ರಾವ ಎಂದು ಹೋದವರಿಗೆ ‘ಚೀಲ ತೆಗೆಸಿಬಿಡು’ ಎಂಬುದೇ ಉತ್ತರ. ‘ಪಿಶವಿ ಕಾಢಾ’ ಎಂದು ಮರಾಠಿಯಲ್ಲಿ ಹೇಳಿದರೂ ಅದೇ. ಮಕ್ಕಳಾದ ಮೇಲೆ ಅದು ಬರಿಯ ಖಾಲಿ ಚೀಲವೆಂಬ ಭಾವನೆಯು ಆ ಮಾತಿನಲ್ಲಿಯೇ ಅಡಗಿದೆ.

ಕೆಲವು ರೋಗಗಳಲ್ಲಿ ಗರ್ಭಕೋಶವನ್ನು ತೆಗೆಯುವುದು ಅನಿವಾರ್ಯ. ಅದು ಪ್ರಾಣವನ್ನು ಉಳಿಸುತ್ತದೆ. ಅಲ್ಲಗಳೆಯುವಂತಿಲ್ಲ. ಆದರೆ ಔಷಧದಿಂದ ಹೋಗುವುದಕ್ಕೆ ಕತ್ತರಿ ಏಕೆ? ಎಂಡೊಮೆಟ್ರಿಯೋಸಿಸ್ ಬೇರೂರುವುದು ಗರ್ಭಕೋಶದ ಹೊರಗಾದುದರಿಂದ ಅದನ್ನು ತೆಗೆದ ಮೇಲೂ ನೋವು ಉಳಿಯಬಹುದು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯಗಳನ್ನೂ ತೆಗೆದರೆ ಎಲುಬುಗಳು ಸವೆಯುತ್ತವೆ, ಹೃದ್ರೋಗದ ಭಯ ಹೆಚ್ಚುತ್ತದೆ. ಅನಾವಶ್ಯಕವಾದ ಇಂಥ ಶಸ್ತ್ರಕ್ರಿಯೆಗಳನ್ನು ತಡೆಯುವ ನಿಯಮಗಳನ್ನು ಕೇಂದ್ರ ಸರ್ಕಾರವು ೨೦೨೨ರಲ್ಲಿ ರಚಿಸಿತು. ಅವುಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ೨೦೨೩ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿತು. ನಿಯಮವು ಕಾಗದದಲ್ಲಿದೆ. ‘ಬೇರೆ ದಾರಿಯಿಲ್ಲವೆ ಡಾಕ್ಟರರೆ?’ ಎಂದು ಕೇಳುವ ಧೈರ್ಯ ಮನೆಯಲ್ಲಿ ಹುಟ್ಟಬೇಕು.

ಆ ಧೈರ್ಯಕ್ಕೆ ಭಾಷೆ ಬೇಕು. ಗಡಿಯಲ್ಲಿ ಬಾಳುವ ನಮಗೆ ಇದೊಂದು ವಿಶೇಷ ತೊಡಕು. ನಮ್ಮ ಅಜ್ಜಿಯರೂ ತಾಯಂದಿರೂ ನೋವನ್ನು ಕನ್ನಡದಲ್ಲಿ ಅನುಭವಿಸುತ್ತಾರೆ. ದವಾಖಾನೆಯಲ್ಲಿ ಅದನ್ನು ಮರಾಠಿಯಲ್ಲಿ ಹೇಳಬೇಕು. ವೈದ್ಯರು ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ. ಮೂರು ಪಾತ್ರೆಗಳಿಗೆ ಸುರಿದ ಹಾಲಿನಲ್ಲಿ ಅಷ್ಟಿಷ್ಟು ಚೆಲ್ಲದೆ ಇದ್ದೀತೆ? ಮರಾಠಿ ನಮಗೆ ಪರಕೀಯವಲ್ಲ, ಒಡಹುಟ್ಟಿದ ಭಾಷೆ. ಆದರೆ ಬಾಜಾರದ ವ್ಯವಹಾರಕ್ಕೆ ಸಾಲುವ ಮರಾಠಿ ಗುಪ್ತವಾದ ನೋವನ್ನು ಹೇಳಲು ಸಾಲದು. ಅಳಿಯನನ್ನೋ ಮೊಮ್ಮಗನನ್ನೋ ದುಭಾಷಿಯಾಗಿ ಕರೆದೊಯ್ದ ಮುದುಕಿ ಅವರೆದುರಿಗೆ ಏನು ಹೇಳಿಯಾಳು?

ಕನ್ನಡಕ್ಕೆ ಶಕ್ತಿಯಿಲ್ಲವೆನ್ನುವಂತಿಲ್ಲ. ಕೀರ್ತಿವರ್ಮನು ‘ಗೋವೈದ್ಯ’ವನ್ನು ಕನ್ನಡದಲ್ಲಿ ಬರೆದನು, ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡಿಸಿದನು. ಧಾರವಾಡದಲ್ಲಿ ವೈದ್ಯವೃತ್ತಿ ನಡೆಸಿದ ಡಾ. ಅನುಪಮಾ ನಿರಂಜನರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ ಎಂಬ ಗ್ರಂಥಗಳಲ್ಲಿ ಮನೆವಾರ್ತೆಯ ಹೆಣ್ಣುಮಗಳಿಗೂ ತಿಳಿಯುವಂತೆ ಶರೀರದ ವಿಷಯ ಬರೆದರು. ಶಬ್ದಗಳಿವೆ, ಆಡುವ ಬಾಯಿ, ಕೇಳುವ ಕಿವಿ ಬೇಕು.

ಆದುದರಿಂದ ಸಂಘದವರಲ್ಲಿ ನಮ್ಮ ವಿನಂತಿ ಇಷ್ಟು. ನಮ್ಮ ಪ್ರತಿ ಮನೆಯಲ್ಲಿಯೂ ಹೆಣ್ಣುಮಕ್ಕಳ ಕೈಗೆ ಒಂದು ಸಣ್ಣ ವಹಿಯನ್ನು ಕೊಡೋಣ. ಮುಟ್ಟು ಯಾವ ದಿನ ಬಂದಿತು, ಎಷ್ಟು ದಿನ ಇತ್ತು, ನೋವು ಯಾವಾಗ ತೊಡಗಿತು, ಶಾಲೆಯನ್ನೋ ಕೆಲಸವನ್ನೋ ಬಿಡಬೇಕಾಯಿತೆ, ಮಲವಿಸರ್ಜನೆಯಲ್ಲಾಗಲಿ ದಾಂಪತ್ಯದಲ್ಲಾಗಲಿ ನೋವಿದೆಯೆ ಎಂಬುದನ್ನು ತಮಗೆ ಬರುವ ಕನ್ನಡದಲ್ಲಿ ಅವರು ಬರೆದಿಡಲಿ. ನಾಲ್ಕು ತಿಂಗಳ ಅಂಥ ಬರಹವನ್ನು ಕಂಡರೆ ಯಾವ ವೈದ್ಯರೂ ಅದನ್ನು ಹಗುರಾಗಿ ನೋಡಲಾರರು. ಅದನ್ನು ಮರಾಠಿಗೆ ತಿರುಗಿಸಿಕೊಡಬಲ್ಲ, ಜೊತೆಯಲ್ಲಿ ಆಸ್ಪತ್ರೆಗೆ ಬರಬಲ್ಲ, ಎರಡೂ ಭಾಷೆ ಬಲ್ಲ ಸೋದರಿಯರು ಹಾತಕಣಂಗಲೆಯಲ್ಲಿ, ಇಚಲಕರಂಜಿಯಲ್ಲಿ, ಗಡಹಿಂಗ್ಲಜದಲ್ಲಿ ಇದ್ದೇ ಇದ್ದಾರೆ. ವಾರಕ್ಕೊಂದು ದಿನ ಅವರ ನೆರವು ದೊರೆಯುವಂತೆ ಸಂಘವು ಏರ್ಪಾಡು ಮಾಡಿದರೆ ಅದು ನಾಟಕೋತ್ಸವಕ್ಕಿಂತ ಕಡಿಮೆಯಾದ ಕನ್ನಡಸೇವೆಯಲ್ಲ.

ಗಂಡಸರಿಗೆ ಒಂದೇ ಮಾತು. ಮಗಳೋ ಸೊಸೆಯೋ ಹೊಟ್ಟೆ ಹಿಡಿದು ಕುಳಿತಾಗ ‘ಅದು ಹೆಂಗಸರ ವಿಷಯ’ ಎಂದು ಎದ್ದುಹೋಗಬೇಡಿರಿ. ಭಾಷೆ ಉಳಿಯಬೇಕೆಂದು ನಾವು ಹಂಬಲಿಸುತ್ತೇವೆ. ಮನೆಯಲ್ಲಿ ಅದನ್ನು ಮಕ್ಕಳಿಗೆ ಮೊದಲು ಕಲಿಸುವವಳು ತಾಯಿ. ಅವಳ ಬೇನೆಯನ್ನು ಅವಳ ನುಡಿಯಲ್ಲಿಯೇ ಕೇಳಿಸಿಕೊಳ್ಳಲಾರದ ಮನೆಯಲ್ಲಿ ಕನ್ನಡ ಉಳಿದು ಮಾಡುವುದೇನು?